ಗೋಡೆ ಯಾರದ್ದು? ಪರದೇಶಗಳಲ್ಲಿರುವ ಫಿಲಿಪ್ಪೀನ್ಸ್ ಚರಿತ್ರೆಯ ಸ್ಮಾರಕ ಫಲಕಗಳು

ಗಡಿಯಾಚೆಯ ಕನ್ನಡದ ಬಗ್ಗೆ ನಡೆಯುತ್ತಿರುವ ಈ ಮಾಲಿಕೆಯಲ್ಲಿ ಫಿಲಿಪ್ಪೀನ್ಸ್ ಎಲ್ಲಿಂದ ಬಂತು ಅಂತ ಕೆಲವರಿಗೆ ಅನ್ನಿಸಬಹುದು. ಗಡಿಯಾಚೆಯ ಸ್ಮಾರಕಗಳ ಬಗ್ಗೆ ಮಾತಾಡುವಾಗ ನಾವು ಮೊದಲು ಕೇಳುವುದು ಯಾರನ್ನು ನೆನಪಿಡಬೇಕು ಅಂತ. ಅದಕ್ಕಿಂತ ಮುಂಚೆ ಕೇಳಬೇಕಾದ್ದು ಇನ್ನೊಂದು ಉಂಟು: ಫಲಕ ಹಾಕುವ ಗೋಡೆ ಯಾರದ್ದು? ತನ್ನ ರಾಷ್ಟ್ರೀಯ ಚರಿತ್ರೆಯ ದೊಡ್ಡ ಭಾಗವನ್ನು ಬೇರೆಯವರ ಊರುಗಳಲ್ಲಿ, ಬಾಡಿಗೆ ಮನೆಗಳಲ್ಲಿ, ಸೆರೆಮನೆಗಳಲ್ಲಿ ಮಾಡಿಕೊಂಡ ದೇಶ ಫಿಲಿಪ್ಪೀನ್ಸ್. ಹಾಗಾಗಿ ಈ ಪ್ರಶ್ನೆಯನ್ನು ಹಿಡಿದು ನೋಡಲಿಕ್ಕೆ ಅದರಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹಿನ್ನೆಲೆ ಎರಡು ಮಾತಿನಲ್ಲಿ ಹೇಳ್ತೇನೆ. ಸ್ಪೇನ್ 16ನೇ ಶತಮಾನದಿಂದ 1898ರವರೆಗೆ ಆ ದ್ವೀಪಗಳನ್ನು ಆಳಿತು. 19ನೇ ಶತಮಾನದ ಕೊನೆಗೆ ಓದಿದ ಫಿಲಿಪಿನೊ ಯುವಕರ ಒಂದು ಗುಂಪು ಯುರೋಪಿಗೆ ಹೋಯಿತು. 'ಇಲುಸ್ತ್ರಾದೊ' ಅಂತ ಅವರನ್ನು ಕರೆಯುತ್ತಾರೆ, ಅಂದರೆ ವಿದ್ಯಾವಂತರು, ಬೆಳಕು ಕಂಡವರು. ಮನಿಲಾದಲ್ಲಿ ಸೆನ್ಸಾರ್ ಇತ್ತು, ಪಾದ್ರಿಗಳ ಕಣ್ಣಿತ್ತು. ಬರೆಯುವುದು, ಅಚ್ಚು ಹಾಕಿಸುವುದು, ಪತ್ರಿಕೆ ನಡೆಸುವುದು ಎಲ್ಲ ಹೊರಗೇ ಆಗಬೇಕಿತ್ತು. 1898ರಲ್ಲಿ ಸ್ಪೇನ್ ಸೋತು ಈ ದ್ವೀಪಗಳನ್ನು ಎರಡು ಕೋಟಿ ಡಾಲರಿಗೆ ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಆಮೇಲೆ ಹೊರಗೆ ಹೋಗುವ ಸರದಿ ಅಮೆರಿಕವನ್ನು ಒಪ್ಪದವರದ್ದು. ಅವರನ್ನು ಹಡಗಿಗೆ ಹತ್ತಿಸಿದ್ದು ಸರಕಾರವೇ.

ದೇಶದೊಳಗೆ ಚಾರಿತ್ರಿಕ ಫಲಕ ಹಾಕುವ ಅಧಿಕೃತ ಕೆಲಸ ಶುರುವಾದದ್ದು 1933ರಲ್ಲಿ, ಒಂದು ಸಮಿತಿಯ ಮೂಲಕ. ಅದು ಅಮೆರಿಕನ್ ಗವರ್ನರ್ ಜನರಲ್‌ನ ಕಾಲ ಎನ್ನುವುದನ್ನು ಗಮನಿಸಬೇಕು. ಆ ಸಮಿತಿಯ ವಂಶದಲ್ಲೇ ಈಗಿನ ರಾಷ್ಟ್ರೀಯ ಚಾರಿತ್ರಿಕ ಆಯೋಗ ಬರುತ್ತದೆ. ಹಳೆಯ ಫಲಕಗಳು ಇಂಗ್ಲಿಷಿನಲ್ಲಿವೆ, ಈಚಿನವು ಹೆಚ್ಚಾಗಿ ಫಿಲಿಪಿನೊ ಭಾಷೆಯಲ್ಲಿ. ಪರದೇಶದ ಫಲಕಗಳ ಕತೆ ಬೇರೆ. ಕೆಲವನ್ನು ಆಯಾ ಊರಿನ ನಗರಸಭೆ ಹಾಕಿದೆ, ಕೆಲವನ್ನು ರಾಯಭಾರ ಕಚೇರಿ, ಕೆಲವನ್ನು ಅಲ್ಲಿ ನೆಲಸಿದ ಫಿಲಿಪಿನೊ ಜನ. ಹಾಕಿದವರು ಯಾರೇ ಇರಲಿ, ಗೋಡೆಯೋ ನೆಲವೋ ಇನ್ನೊಬ್ಬರದ್ದು.

ಇವುಗಳಲ್ಲಿ ದೊಡ್ಡ ಪಾಲು ಒಬ್ಬನೇ ಮನುಷ್ಯನದು: ಹೊಸೆ ರಿಜಾಲ್. ಹುಟ್ಟಿದ್ದು 1861, ಕಲಾಂಬಾದಲ್ಲಿ. ಕಣ್ಣಿನ ವೈದ್ಯ, ಕಾದಂಬರಿಕಾರ. 1896ರ ಡಿಸೆಂಬರ್ 30ರಂದು ಮನಿಲಾದಲ್ಲಿ ಸ್ಪೇನಿನವರು ಗುಂಡಿಟ್ಟು ಕೊಂದರು. ಅವನು ಉಳಿದ ಊರುಗಳನ್ನೆಲ್ಲ ಜೋಡಿಸಿದರೆ ಒಂದು ಯಾತ್ರಾ ನಕ್ಷೆಯೇ ಆಗುತ್ತದೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಪ್ರೊಫೆಸರ್ ಒಟ್ಟೊ ಬೆಕರ್ ಹತ್ತಿರ ಅವನು ಕಣ್ಣಿನ ಚಿಕಿತ್ಸೆ ಕಲಿತ ಕಟ್ಟಡಕ್ಕೆ ಫಲಕವಿದೆ. ಹತ್ತಿರದ ವಿಲ್ಹೆಲ್ಮ್ಸ್‌ಫೆಲ್ಡ್ ಎಂಬ ಹಳ್ಳಿಯಲ್ಲಿ ಪಾದ್ರಿ ಕಾರ್ಲ್ ಉಲ್ಮರ್ ಮನೆಯಲ್ಲಿ ಕೆಲವು ತಿಂಗಳು ಇದ್ದ. ಅಲ್ಲಿ ಅವನ ಹೆಸರಿನ ಉದ್ಯಾನ, ಕಂಚಿನ ಪ್ರತಿಮೆ ಎರಡೂ ಇವೆ. ಮನಿಲಾದಲ್ಲಿ ಪಾದ್ರಿಗಳ ದೌರ್ಜನ್ಯದ ಬಗ್ಗೆ ಕಾದಂಬರಿ ಬರೆಯುತ್ತಿದ್ದವನಿಗೆ ಜಾಗ ಕೊಟ್ಟದ್ದು ಇನ್ನೊಬ್ಬ ಪಾದ್ರಿ. ಆತ ಪ್ರಾಟೆಸ್ಟಂಟ್ ಅನ್ನೋದು ನಿಜ, ಆದರೂ ನನಗೆ ಇದು ಇಷ್ಟವಾದ ವಿವರ.

ಬರ್ಲಿನ್ನಿನ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ನಾವು ಸಾಹಿತ್ಯದ ವಿದ್ಯಾರ್ಥಿಗಳು. ಅಲ್ಲಿನ ಯೇಗರ್ ಬೀದಿಯ ಮನೆಯಲ್ಲಿದ್ದಾಗ ಅವನು 'ನೋಲಿ ಮೆ ಟಾಂಗೆರೆ' ಕಾದಂಬರಿಯ ಕೆಲಸ ಮುಗಿಸಿದ. ಅದು 1887ರ ಮಾರ್ಚಿನಲ್ಲಿ ಅಚ್ಚಾಯಿತು, 2000 ಪ್ರತಿ. ಆ ಚಳಿಗಾಲದಲ್ಲಿ ಅವನ ಕೈಯಲ್ಲಿ ದುಡ್ಡಿರಲಿಲ್ಲ, ಊಟಕ್ಕೂ ಕಷ್ಟವಿತ್ತು. ಮುದ್ರಣಕ್ಕೆ 300 ಪೆಸೊ ಕೊಟ್ಟದ್ದು ಗೆಳೆಯ ಮಾಕ್ಸಿಮೊ ವಿಯೋಲಾ. ಖರ್ಚು ಉಳಿಸಲಿಕ್ಕೆ ಎಲಿಯಾಸ್ ಮತ್ತು ಸಲೋಮೆ ಎಂಬ ಇಬ್ಬರ ಪೂರ್ತಿ ಒಂದು ಅಧ್ಯಾಯವನ್ನೇ ರಿಜಾಲ್ ಕಿತ್ತುಹಾಕಿದ. ಬೆನೆಡಿಕ್ಟ್ ಆಂಡರ್ಸನ್ ತಮ್ಮ 'ಇಮ್ಯಾಜಿನ್ಡ್ ಕಮ್ಯುನಿಟೀಸ್'ನಲ್ಲಿ ಈ ಕಾದಂಬರಿಯ ಆರಂಭವನ್ನೇ ಎತ್ತಿಕೊಂಡು ರಾಷ್ಟ್ರದ ಕಲ್ಪನೆ ಕಾದಂಬರಿಯೊಳಗೆ ಹೇಗೆ ರೂಪ ತಳೆಯುತ್ತದೆ ಅಂತ ತೋರಿಸಿದ್ದು ನಮಗೆಲ್ಲ ಸಿದ್ಧಾಂತದ ಪತ್ರಿಕೆಯಲ್ಲಿ ಪಾಠವಾಗಿದೆ. ಪಾಠದಲ್ಲಿ ಬರದೇ ಇರೋದು ಈ 300 ಪೆಸೊ ಮತ್ತು ಕಿತ್ತ ಅಧ್ಯಾಯ. ಫಲಕದಲ್ಲೂ ಇವು ಬರುವುದಿಲ್ಲ. ಇಂಥವನು ಇಲ್ಲಿ ವಾಸವಾಗಿದ್ದ, ಇಂಥದ್ದು ಬರೆದ, ಇಂಥ ವರ್ಷ: ಮನೆಗೋಡೆಯ ಫಲಕದ ವ್ಯಾಕರಣ ಇಷ್ಟೇ. ಅದಕ್ಕೆ ಒಬ್ಬ ಕರ್ತೃ ಬೇಕು, ಒಂದು ಕ್ರಿಯಾಪದ ಬೇಕು. ಸಾಲ ಕೊಟ್ಟವರಿಗೆ ಅದರಲ್ಲಿ ವಿಭಕ್ತಿ ಇಲ್ಲ.

ವಿಯೋಲಾ ಮತ್ತು ರಿಜಾಲ್ ಪುಸ್ತಕ ಬಂದ ಮೇಲೆ ಆಗಿನ ಆಸ್ಟ್ರಿಯಾ ಸಾಮ್ರಾಜ್ಯದ ಲೈಟ್ಮೆರಿಟ್ಸ್‌ಗೆ ಹೋದರು. ಈಗ ಅದು ಚೆಕ್ ದೇಶದಲ್ಲಿದೆ. ಅಲ್ಲಿ ಫರ್ಡಿನಾಂಡ್ ಬ್ಲುಮೆಂಟ್ರಿಟ್ ಎಂಬ ಶಾಲಾ ಮಾಸ್ತರರಿದ್ದರು. ಫಿಲಿಪ್ಪೀನ್ಸಿಗೆ ಕಾಲಿಡದೆಯೇ ಅದರ ಜನಾಂಗಗಳ, ಭಾಷೆಗಳ ಬಗ್ಗೆ ಬರೆದವರು. ಇಬ್ಬರ ನಡುವೆ ವರ್ಷಗಟ್ಟಲೆ ಪತ್ರ ನಡೆಯಿತು. ಮುಖತಃ ಕಂಡದ್ದು 1887ರ ಮೇ ತಿಂಗಳ ಆ ಕೆಲವೇ ದಿನ. ಅವರು ಉಳಿದ ಹೋಟೆಲಿನ ಕಟ್ಟಡಕ್ಕೆ ಫಲಕ ಹಾಕಿದ್ದಾರೆ. ನಾಲ್ಕು ದಿನ ಮಲಗಿದ ಹೋಟೆಲಿಗೆ ಫಲಕ ಉಂಟು, ಹತ್ತು ವರ್ಷದ ಪತ್ರವ್ಯವಹಾರಕ್ಕೆ ಹಾಕಬೇಕಿದ್ದರೆ ಎಲ್ಲಿ ಹಾಕೋದು, ಅಂಚೆ ಚೀಲಕ್ಕಾ?

ಈಗ ಲಂಡನ್ನಿಗೆ ಬರೋಣ. ಪ್ರಿಮ್‌ರೋಸ್ ಹಿಲ್ ಭಾಗದ 37, ಚಾಲ್ಕಟ್ ಕ್ರೆಸೆಂಟ್ ಮನೆಯಲ್ಲಿ 1888-89ರಲ್ಲಿ ರಿಜಾಲ್ ಬೆಕೆಟ್ ಎಂಬ ಕುಟುಂಬದ ಜೊತೆ ಬಾಡಿಗೆಗೆ ಇದ್ದ. ಅಲ್ಲಿಂದ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋಗಿ ಅಂತೋನಿಯೊ ದೆ ಮೋರ್ಗಾ ಎಂಬ ಸ್ಪ್ಯಾನಿಷ್ ಅಧಿಕಾರಿ 1609ರಲ್ಲಿ ಪ್ರಕಟಿಸಿದ ಫಿಲಿಪ್ಪೀನ್ಸ್ ಇತಿಹಾಸವನ್ನು ಕೈಯಾರೆ ಪ್ರತಿ ಮಾಡಿಕೊಂಡ, ಸಾಲುಸಾಲಿಗೆ ಟಿಪ್ಪಣಿ ಬರೆದ. ಸ್ಪೇನಿನವರು ಬರುವ ಮುಂಚೆ ನಮ್ಮವರಿಗೆ ಕೃಷಿ, ಹಡಗು ಕಟ್ಟುವ ವಿದ್ಯೆ, ವ್ಯಾಪಾರ ಎಲ್ಲ ಇತ್ತು ಅಂತ ಶತ್ರುವಿನ ಪುಸ್ತಕದ ಅಡಿಟಿಪ್ಪಣಿಯಲ್ಲೇ ವಾದಿಸಿದ. ಪುಸ್ತಕ ಪ್ಯಾರಿಸಿನಲ್ಲಿ ಅಚ್ಚಾಯಿತು. ಈ ಕೆಲಸಕ್ಕೆ ನೆರವಾದವರಲ್ಲಿ ಒಬ್ಬರು ಇಂಡಿಯಾ ಆಫೀಸ್ ಲೈಬ್ರರಿಯ ಗ್ರಂಥಪಾಲಕ ರೈನ್‌ಹೋಲ್ಡ್ ರೋಸ್ಟ್. ನಮ್ಮ ಭಾಷೆಗಳ ಪುಸ್ತಕಗಳೂ ಹೋಗಿ ಸೇರಿದ ಗ್ರಂಥಾಲಯ ಅದು. ವಸಾಹತುವಿನ ಉಗ್ರಾಣದಲ್ಲೇ ಕೂತು ವಸಾಹತು ವಿರೋಧಿ ಚರಿತ್ರೆ ಬರೆದ ಮೊದಲಿಗರಲ್ಲಿ ರಿಜಾಲ್ ಒಬ್ಬ.

ಆ ಮನೆಗೆ 1983ರಲ್ಲಿ ಗ್ರೇಟರ್ ಲಂಡನ್ ಕೌನ್ಸಿಲ್ ನೀಲಿ ಫಲಕ ಹಾಕಿತು. ಲೇಖಕ, ಫಿಲಿಪ್ಪೀನ್ಸಿನ ರಾಷ್ಟ್ರೀಯ ವೀರ, ಇಲ್ಲಿ ವಾಸಿಸಿದ್ದ ಅನ್ನುವಷ್ಟೇ ಒಕ್ಕಣೆ, ಇಂಗ್ಲಿಷಿನಲ್ಲಿ. ಲಂಡನ್ನಿನ ಈ ನೀಲಿ ಫಲಕಗಳ ಪದ್ಧತಿ 1860ರ ದಶಕದಷ್ಟು ಹಳೆಯದು. ನಿಯಮಗಳು ಸ್ಪಷ್ಟ. ವ್ಯಕ್ತಿ ತೀರಿಹೋಗಿ 20 ವರ್ಷ ಆಗಿರಬೇಕು, ಅವರಿದ್ದ ಕಟ್ಟಡ ಉಳಿದಿರಬೇಕು, ಮನೆಯ ಮಾಲೀಕರು ಒಪ್ಪಬೇಕು. ಮೊಟ್ಟಮೊದಲ ಫಲಕ ಕವಿ ಬೈರನ್ ಹುಟ್ಟಿದ ಮನೆಗೆ ಹಾಕಿದ್ದು. 1889ರಲ್ಲಿ ಆ ಮನೆಯನ್ನು ಕೆಡವಿದಾಗ ಫಲಕವೂ ಹೋಯಿತು.

ಮಾಲೀಕರ ಒಪ್ಪಿಗೆ ಎಂಬ ಮಾತು ಎಷ್ಟು ಭಾರದ್ದು ಅನ್ನೋದಕ್ಕೆ ಅದೇ ಪ್ರಿಮ್‌ರೋಸ್ ಹಿಲ್ ಭಾಗದಲ್ಲಿ ಒಂದು ಭಾರತೀಯ ಉದಾಹರಣೆ ಉಂಟು. 10, ಕಿಂಗ್ ಹೆನ್ರೀಸ್ ರೋಡ್. ಅಂಬೇಡ್ಕರ್ ಅವರು 1921-22ರಲ್ಲಿ ಇದ್ದ ಮನೆ. 2015ರಲ್ಲಿ ಮಹಾರಾಷ್ಟ್ರ ಸರಕಾರ ಅದನ್ನು ಕೊಂಡಿತು, ಸ್ಮಾರಕ ಮಾಡಿತು. ಗೋಡೆ ಈಗ ನಮ್ಮದೇ ಆಯಿತಲ್ಲ ಅಂದುಕೊಳ್ಳಬೇಕು. ಆದರೆ ವಾಸದ ಮನೆಯನ್ನು ಮ್ಯೂಸಿಯಂ ಮಾಡಲು ಸ್ಥಳೀಯ ಕೌನ್ಸಿಲ್ ಅನುಮತಿ ಕೊಡಲಿಲ್ಲ, ಜನ ಬಂದು ಹೋಗುವುದರಿಂದ ತೊಂದರೆ ಅಂತ ಅಕ್ಕಪಕ್ಕದವರ ಆಕ್ಷೇಪಣೆಯೂ ಇತ್ತು. ಮೇಲ್ಮನವಿಯಾಗಿ, ಕೊನೆಗೆ 2020ರಲ್ಲಿ ಬ್ರಿಟಿಷ್ ಸರಕಾರದ ಮಟ್ಟದಲ್ಲಿ ಒಪ್ಪಿಗೆ ಸಿಕ್ಕಿತು. ಮನೆ ಕೊಂಡರೂ ಬೀದಿಯನ್ನು ಕೊಳ್ಳಲಾಗುವುದಿಲ್ಲ. ಹೋಲಿಸಿದರೆ ಫಲಕ ಸುಲಭದ ದಾರಿ. ಅದು ಗೋಡೆಯಲ್ಲಿ ಒಂದು ಮೊಳ ಜಾಗವನ್ನಷ್ಟೇ ಕೇಳುತ್ತದೆ, ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ.

ಇಲ್ಲಿಗೆ ನನ್ನ ಮುಖ್ಯ ಮಾತಿಗೆ ಬಂದೆ. ಪರದೇಶದಲ್ಲಿ ಫಲಕ ಬೇಕಾದರೆ ಪರದೇಶದಲ್ಲೊಂದು ವಿಳಾಸ ಇದ್ದಿರಬೇಕು. ವಿಳಾಸ ಯಾರಿಗಿತ್ತು? ಹಡಗಿನ ಟಿಕೇಟು ಕೊಳ್ಳಬಲ್ಲ ಕುಟುಂಬಗಳ ಮಕ್ಕಳಿಗಿತ್ತು. ಆಂದ್ರೆಸ್ ಬೊನಿಫಾಸಿಯೊನನ್ನು ನೋಡಿ. ಮನಿಲಾದ ಒಂದು ವ್ಯಾಪಾರಿ ಕಂಪನಿಯ ಗೋದಾಮಿನಲ್ಲಿ ಕೆಲಸಕ್ಕಿದ್ದವನು. 1892ರ ಜುಲೈನಲ್ಲಿ ಕತಿಪುನಾನ್ ಎಂಬ ಗುಪ್ತ ಸಂಘ ಕಟ್ಟಿದವನು, ಸ್ಪೇನಿನ ವಿರುದ್ಧ ಆಯುಧ ಎತ್ತಿದ ಕ್ರಾಂತಿ ಅವನಿಂದ ಶುರುವಾಯಿತು. ಅವನು ದೇಶ ಬಿಟ್ಟು ಹೋದವನೇ ಅಲ್ಲ. ಅವನು ವಾಸವಿದ್ದ ಮನೆ ಅಂತ ಬರ್ಲಿನ್ನಿನಲ್ಲೋ ಲಂಡನ್ನಿನಲ್ಲೋ ಫಲಕ ಹಾಕುವ ಮಾತೇ ಇಲ್ಲ. 1969ರಲ್ಲಿ ಇತಿಹಾಸಕಾರ ರೆನಾತೊ ಕಾನ್‌ಸ್ಟಾಂಟಿನೊ ಒಂದು ಪ್ರಸಿದ್ಧ ಉಪನ್ಯಾಸದಲ್ಲಿ ರಿಜಾಲ್‌ನನ್ನು ಮೊದಲ ವೀರನ ಪೀಠಕ್ಕೆ ಏರಿಸುವುದರಲ್ಲಿ ಅಮೆರಿಕನ್ ಆಡಳಿತದ ಕೈ ಇತ್ತು ಅಂತ ವಾದಿಸಿದರು: ಸುಧಾರಣೆ ಬೇಡಿದವನು, ಕ್ರಾಂತಿಯನ್ನು ಖಂಡಿಸಿದವನು, ಆಳುವವರಿಗೆ ಅಪಾಯವಿಲ್ಲದ ವೀರ. ಈ ವಾದ ಪೂರ್ತಿ ಸರಿ ಅಂತ ನನಗೆ ಅನ್ನಿಸುವುದಿಲ್ಲ. ಗುಂಡೇಟು ತಿಂದ ಮನುಷ್ಯನನ್ನು ಜನ ತಾವಾಗಿಯೇ ಎತ್ತಿಕೊಂಡಿದ್ದರು, 1898ರಲ್ಲೇ ಅಗಿನಾಲ್ಡೊನ ಕ್ರಾಂತಿ ಸರಕಾರ ಡಿಸೆಂಬರ್ 30ನ್ನು ಶೋಕದ ದಿನ ಅಂತ ಘೋಷಿಸಿತ್ತು. ಆದರೆ ಪರದೇಶದ ಫಲಕಗಳನ್ನು ಮಾತ್ರ ನೋಡಿ ಈ ದೇಶದ ಚರಿತ್ರೆ ಬರೆಯಲು ಕೂತರೆ ಕಾನ್‌ಸ್ಟಾಂಟಿನೊ ಹೇಳಿದ್ದೇ ನಿಜ ಅನ್ನಿಸೀತು. ಓದಿದವರು ಯುರೋಪಿನ ಕೋಣೆಗಳಲ್ಲಿ ಕೂತು ರಾಷ್ಟ್ರ ಕಟ್ಟಿದರು, ಗೋದಾಮಿನವನು ಎಲ್ಲೂ ಇರಲೇ ಇಲ್ಲ.

ವಿದೇಶದಲ್ಲಿದ್ದವರಿಗಾದರೂ ಎಲ್ಲರಿಗೂ ವಿಳಾಸ ಸಿಕ್ಕಿತೇ ಅಂದ್ರೆ, ಅದೂ ಇಲ್ಲ. 1889ರಲ್ಲಿ ಬಾರ್ಸೆಲೋನಾದಲ್ಲಿ ಶುರುವಾದ 'ಲಾ ಸೊಲಿದಾರಿದಾದ್' ಪತ್ರಿಕೆಯ ಮೊದಲ ಸಂಪಾದಕ ಗ್ರಾಸಿಯಾನೊ ಲೋಪೆಸ್ ಹಾಯೆನಾ. ಆಮೇಲೆ ಅದನ್ನು ನಡೆಸಿದವನು ಮಾರ್ಸೆಲೊ ದೆಲ್ ಪಿಲಾರ್. ಇಬ್ಬರೂ 1896ರಲ್ಲಿ, ಒಬ್ಬ ಜನವರಿಯಲ್ಲಿ, ಇನ್ನೊಬ್ಬ ಜುಲೈಯಲ್ಲಿ, ಅದೇ ಬಾರ್ಸೆಲೋನಾದಲ್ಲಿ ಕ್ಷಯದಿಂದ, ಕಡು ಬಡತನದಲ್ಲಿ ಸತ್ತರು. ದೆಲ್ ಪಿಲಾರ್‌ನ ಅಸ್ಥಿ 1920ರಲ್ಲಿ ಊರಿಗೆ ಬಂತು. ಲೋಪೆಸ್ ಹಾಯೆನಾನದ್ದು ಸಿಗಲೇ ಇಲ್ಲ, ಹೆಸರಿಲ್ಲದ ಗುಂಡಿಯಲ್ಲಿ ಹೂತಿದ್ದರು.

ಇನ್ನೊಂದು ಬಗೆಯ ವಿಳಾಸ ಗಡೀಪಾರಿನದ್ದು. ಅಪೊಲಿನಾರಿಯೊ ಮಾಬಿನಿ ರೈತ ಕುಟುಂಬದ ಹುಡುಗ, ವಕೀಲ, ಕ್ರಾಂತಿ ಸರಕಾರದ ಮೊದಲ ಪ್ರಧಾನಿ. ಕಾಲುಗಳಿಗೆ ಪಾರ್ಶ್ವವಾಯು, ಹೊತ್ತೇ ಒಯ್ಯಬೇಕಿತ್ತು. ಅಮೆರಿಕಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದ್ದಕ್ಕೆ 1901ರ ಜನವರಿಯಲ್ಲಿ ಅವನನ್ನೂ ಇತರರನ್ನೂ ಶಾಂತಸಾಗರದ ಗುವಾಮ್ ದ್ವೀಪಕ್ಕೆ ಸಾಗಿಸಿದರು. ಅಲ್ಲಿನ ಅಸಾನ್ ಎಂಬಲ್ಲಿ ಎರಡು ವರ್ಷ ಸೆರೆ. ಆ ಸೆರೆಯಲ್ಲೇ ಕ್ರಾಂತಿಯ ಆತ್ಮವಿಮರ್ಶೆಯಂಥ ಒಂದು ಪುಸ್ತಕ ಬರೆದ. 1903ರ ಫೆಬ್ರವರಿಯಲ್ಲಿ ಪ್ರಮಾಣ ಮಾಡಿ ಮನಿಲಾಗೆ ಬಂದ, ಮೇ ತಿಂಗಳಲ್ಲಿ ಕಾಲರಾದಿಂದ ತೀರಿಕೊಂಡ. ಇವತ್ತು ಅಸಾನ್ ಕಡಲ ತೀರದಲ್ಲಿ ಮಾಬಿನಿಯ ಸ್ಮಾರಕವಿದೆ. ಆ ಜಾಗ ಅಮೆರಿಕದ ನ್ಯಾಷನಲ್ ಪಾರ್ಕ್ ಸರ್ವಿಸ್ ನೋಡಿಕೊಳ್ಳುವ ಯುದ್ಧ ಸ್ಮಾರಕ ಉದ್ಯಾನದ ಭಾಗ. ಗಡೀಪಾರು ಮಾಡಿದ ಸರಕಾರವೇ ಗಡೀಪಾರಾದವನ ಸ್ಮಾರಕದ ಸುತ್ತ ಹುಲ್ಲು ಕತ್ತರಿಸುತ್ತದೆ.

ಮಾಬಿನಿಯ ಜೊತೆ ಗುವಾಮಿಗೆ ಹೋದವರಲ್ಲಿ ಜನರಲ್ ಆರ್ತೆಮಿಯೊ ರಿಕಾರ್ತೆ ಒಬ್ಬ. ವಾಪಸು ಬರುವಾಗ ಮಾಬಿನಿ ಪ್ರಮಾಣ ಮಾಡಿದ, ರಿಕಾರ್ತೆ ಮಾಡಲಿಲ್ಲ. ಕಾಲಿಡಲು ಬಿಡದೆ ಅವನನ್ನು ಹಾಂಗ್‌ಕಾಂಗಿಗೆ ಕಳಿಸಿದರು. ಗುಟ್ಟಾಗಿ ಊರಿಗೆ ಬಂದು ಸಿಕ್ಕಿಬಿದ್ದ, ಜೈಲು ಕಂಡ, ಮತ್ತೆ ಗಡೀಪಾರಾಗಿ ಕೊನೆಗೆ ಜಪಾನಿನ ಯೊಕೊಹಾಮಾದಲ್ಲಿ ದಶಕಗಟ್ಟಲೆ ಇದ್ದ. ಅಲ್ಲಿನ ಯಾಮಾಶಿತಾ ಪಾರ್ಕಿನಲ್ಲಿ ಅವನ ಸ್ಮಾರಕವಿದೆ. ಆದರೆ ಎರಡನೇ ಮಹಾಯುದ್ಧದಲ್ಲಿ ಅವನು ಊರಿಗೆ ಮರಳಿದ್ದು ಜಪಾನೀ ಸೈನ್ಯದ ಜೊತೆ. ಆ ಸೈನ್ಯದ ಪರವಾಗಿ ನಿಂತ ಸಶಸ್ತ್ರ ಸಂಘಟನೆಯೊಂದನ್ನು ಹುಟ್ಟುಹಾಕಿದವರಲ್ಲೂ ಅವನಿದ್ದ. ಅಮೆರಿಕಕ್ಕೆ ಎಂದೂ ತಲೆಬಾಗದವನು ಅಂತ ಒಂದು ಕಡೆ, ದ್ರೋಹಿ ಅಂತ ಇನ್ನೊಂದು ಕಡೆ. ಊರಲ್ಲಿ ಇತ್ಯರ್ಥವಾಗದ ವಾದ ಪರದೇಶದ ಪಾರ್ಕಿನ ಕಲ್ಲಿನಲ್ಲಿ ಇತ್ಯರ್ಥವಾದ ಹಾಗೆ ಕಾಣುತ್ತದೆ. ಆ ಪಾರ್ಕಿಗೆ ಬರುವ ಹೆಚ್ಚಿನವರಿಗೆ ಆ ವಾದವೇ ಗೊತ್ತಿರುವುದಿಲ್ಲ, ಹಾಗಾಗಿ ಯಾರೂ ಎದ್ದು ಪ್ರಶ್ನೆ ಕೇಳುವುದಿಲ್ಲ.

ಹಾಂಗ್‌ಕಾಂಗ್ ಬಗ್ಗೆ ಹೇಳದೆ ಇದು ಮುಗಿಯುವುದಿಲ್ಲ. 1891-92ರಲ್ಲಿ ರಿಜಾಲ್ ಅಲ್ಲಿ ಕಣ್ಣಿನ ವೈದ್ಯನಾಗಿದ್ದ. ಡಗಿಲಾರ್ ಬೀದಿಯಲ್ಲಿ ಅವನ ಚಿಕಿತ್ಸಾಲಯ, ರೆಡ್ನಾಕ್ಸೆಲಾ ಟೆರೇಸ್‌ನಲ್ಲಿ ಮನೆ. ಎರಡೂ ಕಡೆ ಫಲಕ ಇದೆ, ಆಗಿನ ಕಟ್ಟಡಗಳು ಇಲ್ಲ. ಅಂದರೆ ಲಂಡನ್ನಿನ ನಿಯಮ ಇಲ್ಲಿಲ್ಲ, ಮನೆ ಹೋದರೂ ಜಾಗಕ್ಕೆ ಫಲಕ ಸಿಕ್ಕಿತು. ಇದೇ ನಗರದಲ್ಲಿ 1898ರ ಮೇ ತಿಂಗಳಲ್ಲಿ ಫಿಲಿಪ್ಪೀನ್ಸಿನ ಬಾವುಟ ಹೊಲಿದವರು ಮೂವರು: ಮಾರ್ಸೆಲಾ ಅಗೊನ್ಸಿಲ್ಯೊ, ಅವಳ ಪುಟ್ಟ ಮಗಳು ಲೊರೆನ್ಸಾ, ರಿಜಾಲ್‌ನ ಸೋದರ ಸೊಸೆ ಡೆಲ್ಫಿನಾ ಹೆರ್ಬೋಸಾ. ಐದು ದಿನದ ಕೆಲಸ. ಸೂರ್ಯನ ಕಿರಣ ಸ್ವಲ್ಪ ಓರೆಯಾದರೂ ಬಿಚ್ಚಿ ಮತ್ತೆ ಹೊಲಿದದ್ದನ್ನು ಮಾರ್ಸೆಲಾ ಆಮೇಲೆ ನೆನೆದಿದ್ದಾಳೆ. ಅಗಿನಾಲ್ಡೊ ಅದನ್ನು ಹಡಗಿನಲ್ಲಿ ಕೊಂಡೊಯ್ದ, ಜೂನ್ 12ರಂದು ಕವಿತ್‌ನಲ್ಲಿ ಸ್ವಾತಂತ್ರ್ಯ ಘೋಷಣೆಯ ಹೊತ್ತಿಗೆ ಹಾರಿಸಿದರು. ಹೊಲಿದ ಮನೆ ಇದ್ದದ್ದು ಮಾರಿಸನ್ ಹಿಲ್ ರಸ್ತೆಯಲ್ಲಿ. ಆ ಮನೆ ಹೋಯಿತು. 1920ರ ದಶಕದಲ್ಲಿ ಸಮುದ್ರ ತುಂಬಿಸಿ ನೆಲ ಮಾಡುವ ಕಾಮಗಾರಿಗೆ ಮಣ್ಣು ಬೇಕಾಗಿ ಮಾರಿಸನ್ ಹಿಲ್ ಎಂಬ ಗುಡ್ಡವನ್ನೇ ಕಡಿದು ತೆಗೆದರು. ಹೆಸರು ಉಳಿಯಿತು, ಗುಡ್ಡ ಸಮುದ್ರದಲ್ಲಿದೆ.

ಇವತ್ತು ಹಾಂಗ್‌ಕಾಂಗಿನಲ್ಲಿ ಮನೆಗೆಲಸ ಮಾಡುವ ಫಿಲಿಪಿನೊ ಹೆಂಗಸರು ಲಕ್ಷಕ್ಕೂ ಮೀರಿ ಇದ್ದಾರೆ. ಭಾನುವಾರ ರಜೆ. ಮಾಲೀಕರ ಮನೆಯಲ್ಲಿ ತಮ್ಮದು ಅಂತ ಜಾಗ ಇಲ್ಲದೆ ನಗರದ ನಡುವಿನ ಸೆಂಟ್ರಲ್ ಪ್ರದೇಶದ ಬೀದಿ, ಮೇಲ್ಸೇತುವೆಗಳಲ್ಲಿ ರಟ್ಟು ಹಾಸಿ ಕೂತು ಊಟ ಮಾಡುತ್ತಾರೆ, ಊರಿಗೆ ಫೋನ್ ಮಾಡುತ್ತಾರೆ. ರಿಜಾಲ್‌ನ ಚಿಕಿತ್ಸಾಲಯದ ಫಲಕ ಅಲ್ಲಿಂದ ಕೆಲವೇ ನಿಮಿಷದ ನಡಿಗೆ. ಬಾವುಟ ಹೊಲಿದವರ ಕೆಲಸಕ್ಕೂ ಇವರ ಕೆಲಸಕ್ಕೂ ಇರುವ ಹತ್ತಿರದ ನಂಟನ್ನು ಹೇಳಲು ಯಾವ ಗೋಡೆ ಹುಡುಕುವುದು ಅಂತ ನನಗೆ ಹೊಳೆದಿಲ್ಲ.

ಬೇರೆ ದಾರಿಯೊಂದನ್ನು ಕ್ಯಾಲಿಫೋರ್ನಿಯಾದ ಮೊರೊ ಬೇ ತೋರಿಸುತ್ತದೆ. 1587ರ ಅಕ್ಟೋಬರ್ 18ರಂದು ಮಕಾವಿನಿಂದ ಮೆಕ್ಸಿಕೊ ಕಡೆ ಹೊರಟ ಒಂದು ಸ್ಪ್ಯಾನಿಷ್ ಹಡಗು ಅಲ್ಲಿ ಲಂಗರು ಹಾಕಿತು. ದಡಕ್ಕೆ ಇಳಿದವರಲ್ಲಿ ಲೂಸೋನ್ ದ್ವೀಪದವರೂ ಇದ್ದರು ಅಂತ ಹಡಗಿನ ದಾಖಲೆ ಹೇಳುತ್ತದೆ. ಅವರ ಹೆಸರುಗಳಿಲ್ಲ, ವಿಳಾಸ ಮೊದಲೇ ಇಲ್ಲ. 1995ರಲ್ಲಿ ಅಮೆರಿಕದ ಫಿಲಿಪಿನೊ ಚರಿತ್ರೆ ಸಂಘದವರು ಅಲ್ಲಿ ಫಲಕ ಇಟ್ಟರು. ಮನೆಗೆ ಬದಲು ಕಾಲಿಟ್ಟ ದಡಕ್ಕೆ, ಒಬ್ಬ ವೀರನಿಗೆ ಬದಲು ಹೆಸರಿಲ್ಲದ ಕೂಲಿ ನಾವಿಕರಿಗೆ. ಇದು ನನಗೆ ಹೆಚ್ಚು ಮನಸ್ಸಿಗೆ ಹತ್ತಿದ ಫಲಕ. ಒಂದು ಕೊಸರು ಮಾತ್ರ: ಆ ದಡದಲ್ಲಿ ಆಗಲೇ ಜನ ಇದ್ದರು, ಬಂದವರಿಗೂ ಅವರಿಗೂ ಹೊಡೆದಾಟವಾಗಿ ಸಾವಾದವು. ನಮ್ಮವರು ಮೊದಲು ಇಳಿದ ಜಾಗ ಅಂತ ಬರೆಯುವಾಗ ಅದು ಮೊದಲು ಯಾರ ಜಾಗ ಅನ್ನೋದು ಪಕ್ಕಕ್ಕೆ ಸರಿಯುತ್ತದೆ.

ನಮ್ಮ ಮಾಲಿಕೆಯ ವಿಷಯಕ್ಕೆ ಇದರಿಂದ ಏನು ಅಂದ್ರೆ, ಎರಡು ಮಾತು. ಕರೀಂನಗರ ಕಡೆಯ ಕುರ್ಕ್ಯಾಲದ ಗುಡ್ಡದಲ್ಲಿ ಪಂಪನ ತಮ್ಮ ಜಿನವಲ್ಲಭ 10ನೇ ಶತಮಾನದಲ್ಲಿ ಬರೆಸಿದ ಶಾಸನ ನಮಗೆಲ್ಲ ಪರಿಚಿತ. ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲೂ ಇದೆ. ಪಂಪನ ಮನೆತನದ ವಿವರ ಸಿಗುತ್ತದೆ ಅಂತ ನಾವು ಅದರ ಕನ್ನಡ ಭಾಗಕ್ಕೆ ಓಡುತ್ತೇವೆ, ತೆಲುಗಿನವರು ತಮ್ಮ ಹಳೆಯ ಕಂದಪದ್ಯಗಳಿಗಾಗಿ ಅದೇ ಬಂಡೆಗೆ ಬರುತ್ತಾರೆ. ಆ ನೆಲದಲ್ಲಿ ಓದುವವರು ಯಾರ್ಯಾರು ಅಂತ ಯೋಚಿಸಿ ಬರೆಸಿದ ಕಲ್ಲು ಅದು. ಲಂಡನ್ನಿನ ನೀಲಿ ಫಲಕ ಬೀದಿಯ ಜನರಿಗೆ ಮಾತ್ರ ಮಾತಾಡುತ್ತದೆ, ರಾಯಭಾರ ಕಚೇರಿಯ ಎಷ್ಟೋ ಫಲಕಗಳು ಊರಿಂದ ಬಂದ ಅತಿಥಿಗಳಿಗೆ ಮಾತ್ರ. ಕಾಸರಗೋಡಿನಲ್ಲೋ ಸೊಲ್ಲಾಪುರದಲ್ಲೋ ಕನ್ನಡದ ಒಂದು ಫಲಕ ಬೇಕು ಅಂತ ನಾವು ಕೇಳುವಾಗ ಪಕ್ಕದಲ್ಲಿ ಮಲಯಾಳವೋ ಮರಾಠಿಯೋ ಇರಬೇಕೇ ಎಂಬುದನ್ನು ಸೋಲು ಅಂತ ಎಣಿಸುವ ಅಭ್ಯಾಸ ನಮ್ಮಲ್ಲಿ ಇದೆ. ಜಿನವಲ್ಲಭನಿಗೆ ಹಾಗೆ ಅನ್ನಿಸಿದ ಹಾಗೆ ಕಾಣುವುದಿಲ್ಲ.

ಇನ್ನೊಂದು ಮಾತು ಪಟ್ಟಿಯದ್ದು. ಗಡಿಯಾಚೆಯ ಕನ್ನಡ ಸ್ಮಾರಕಗಳ ಪಟ್ಟಿ ಮಾಡಲು ಕೂತರೆ ಮಂಜೇಶ್ವರದ ಗೋವಿಂದ ಪೈಗಳ ಮನೆ ಮೊದಲ ಸಾಲಿನಲ್ಲಿ ಬರುತ್ತದೆ, ಬರಲೇಬೇಕು. ಮನೆ ಇದೆ, ಹೆಸರಿದೆ, ಪುಸ್ತಕಗಳಿವೆ, ಈಗ ಗಿಳಿವಿಂಡು ಎಂಬ ಸ್ಮಾರಕವೂ ಇದೆ. ಆದರೆ ಪಟ್ಟಿಯಲ್ಲಿ ಹೆಸರು, ವರ್ಷ, ವಿಳಾಸ ಅಂತ ಮೂರೇ ಕಾಲಂ ಇಟ್ಟರೆ ಮನೆಯಿದ್ದ ಕವಿಗಳು ಮಾತ್ರ ಅದರಲ್ಲಿ ಉಳಿಯುತ್ತಾರೆ. ರಾತ್ರಿಯಿಡೀ ಬಯಲಲ್ಲಿ ಕುಣಿದು ಬೆಳಿಗ್ಗೆ ಮುಂದಿನ ಊರಿಗೆ ಹೊರಟ ಮೇಳದವರು, ಬೀಡಿ ಕಟ್ಟುತ್ತಾ ಕನ್ನಡ ಪೇಪರು ಓದಿಸಿಕೊಂಡು ಕೇಳಿದವರು, ಸೊಲ್ಲಾಪುರದ ಗಿರಣಿಗಳಿಗೆ ಹೋದವರು, ಇವರನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು ಅಂತ ಮೊದಲೇ ತೀರ್ಮಾನಿಸಿಕೊಂಡು ಕೂರುವುದು ಒಳ್ಳೆಯದು. 'ಏನು ಕೆಲಸ', 'ಯಾವ ದಾರಿಯಲ್ಲಿ ಬಂದರು' ಅಂತ ಇನ್ನೆರಡು ಕಾಲಂ ಸೇರಿಸಬಹುದು ಅಂತ ನನ್ನ ಸಲಹೆ. ಚರ್ಚೆಯಲ್ಲಿ ನೀವು ಬೇರೆ ಏನಾದರೂ ಹೇಳಿದರೆ ಬರೆದುಕೊಳ್ಳುತ್ತೇನೆ.